ಶಾಲೆಯ ಅಂತರ್ಜಾಲಕ್ಕೆ ಹಿಡಿದ ಜರಡಿ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ಮುಂದಿಟ್ಟು ಒಂದು ವಿಚಾರ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಹೈದರಾಬಾದು ಸಂಸ್ಥಾನದೊಳಗಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದುವು. ಈ ಸೀಮೆಯಲ್ಲಿ ವಿದ್ಯೆಗೂ ಅಪ್ಪಣೆಗೂ ಇರುವ ಸಂಬಂಧವು ಹಳೆಯದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆ ಉರ್ದುವಾಗಿದ್ದಿತು. ಖಾಸಗಿ ಶಾಲೆಯನ್ನು ತೆರೆಯುವವರು ಮುಂಚಿತವಾಗಿ ಸರ್ಕಾರದ ಅನುಮತಿಯನ್ನು ಪಡೆಯಬೇಕೆಂಬ ಕಟ್ಟಳೆಯು 1920ರ ದಶಕದಲ್ಲಿ ಬಂದಿತು. ಸಾರ್ವಜನಿಕ ಸಭೆಗಳಿಗೆ 53ನೆಯ ಗಸ್ತಿಯ ನಿರ್ಬಂಧವಿದ್ದಿತು. 1907ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಸಂಸ್ಥೆಗಳು ಇಂತಹ ಕಾಲದಲ್ಲಿಯೇ ಬಾಳಿ ಬಂದವು. ಇಂದಿನ ಶಾಲೆಗಳ ಗಣಕಯಂತ್ರಗಳಿಗೆ ಹಾಕುವ ಜರಡಿಯು ಉದ್ದೇಶದಲ್ಲಿ ಅದಕ್ಕಿಂತ ಭಿನ್ನವೇ ಸರಿ. ಇದು ಮಕ್ಕಳನ್ನು ಕಾಪಾಡುವುದಕ್ಕೆಂದು ಹುಟ್ಟಿದುದು. ಆದರೆ ಮೊದಲು ಅಪ್ಪಣೆ, ಆಮೇಲೆ ಪಾಠ ಎಂಬ ಕ್ರಮವು ಎರಡಕ್ಕೂ ಸಮಾನವಾದುದು.

ಶಾಲೆಗಳಲ್ಲಿ ಜರಡಿಯನ್ನು ಕಡ್ಡಾಯಕ್ಕೆ ಸಮೀಪವಾಗಿಸಿದ ಪ್ರಸಿದ್ಧ ಶಾಸನವು ಅಮೆರಿಕದ್ದು. 2000ದ ಡಿಸೆಂಬರಿನಲ್ಲಿ ಆದ ಮಕ್ಕಳ ಅಂತರ್ಜಾಲ ರಕ್ಷಣಾ ಶಾಸನವು, ಸಂಪರ್ಕದ ಖರ್ಚಿನಲ್ಲಿ ರಿಯಾಯಿತಿ ಪಡೆಯುವ ಶಾಲೆಗಳೂ ಗ್ರಂಥಾಲಯಗಳೂ ಜರಡಿಯನ್ನು ಹಾಕಲೇಬೇಕೆಂದಿತು. ಆದರೆ ನಿಜವಾದ ಸಂಶೋಧನೆಗಾಗಿ ಅದನ್ನು ತೆಗೆಯಿಸುವ ದಾರಿಯನ್ನೂ ಇರಿಸಿತು. ಭಾರತದಲ್ಲಿ ತಡೆಯ ಅಧಿಕಾರವು ಬೇರೆ ಬಗೆಯಲ್ಲಿ ಬೆಳೆಯಿತು. 2003ರಲ್ಲಿ ಯಾಹೂವಿನ ಒಂದು ಗುಂಪನ್ನು ಮಾತ್ರ ತಡೆಯಬೇಕೆಂದು ಆಜ್ಞೆಯಾದಾಗ ಸೇವಾಸಂಸ್ಥೆಗಳು ಎಲ್ಲ ಗುಂಪುಗಳನ್ನೂ ಮುಚ್ಚಿದುವು. 2006ರಲ್ಲಿ ಬ್ಲಾಗ್‌ಸ್ಪಾಟಿಗೆ ಇದೇ ಗತಿಯಾಯಿತು. 2009ರಲ್ಲಿ 69ಎ ಕಲಮೂ ಅದರ ನಿಯಮಗಳೂ ಜಾರಿಗೆ ಬಂದ ಮೇಲೂ, 2014ರ ಡಿಸೆಂಬರಿನಲ್ಲಿ ಗಿಟ್‌ಹಬ್, ವಿಮಿಯೊ, ಇಂಟರ್ನೆಟ್ ಆರ್ಕೈವ್ ಸೇರಿ 32 ತಾಣಗಳಿಗೆ ತಡೆಯಾಜ್ಞೆ ಹೊರಟಿತು. ಇಂಟರ್ನೆಟ್ ಆರ್ಕೈವ್ ಎಂಬುದು ಅಚ್ಚಿನಲ್ಲಿ ಸಿಕ್ಕದ ಹಳೆಯ ಪುಸ್ತಕಗಳ ಭಂಡಾರವೆಂಬುದನ್ನು ಸಾಹಿತ್ಯದ ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ.

ಒಂದು ಪುಟಕ್ಕಾಗಿ ಇಡೀ ತಾಣವು ಏಕೆ ಮುಚ್ಚಿಹೋಗುತ್ತದೆ? ಕಾರಣವು ಯಂತ್ರದಲ್ಲಿದೆ. ಇಂದಿನ ತಾಣಗಳಲ್ಲಿ ಬಹುಪಾಲು ಗೂಢಲಿಪಿಯಲ್ಲಿ ಸಂವಹಿಸುತ್ತವೆ. ವಿಕಿಪೀಡಿಯವು 2015ರಲ್ಲಿ ಪೂರ್ಣವಾಗಿ ಆ ಕ್ರಮಕ್ಕೆ ಬಂದಿತು. ದಾರಿಯಲ್ಲಿ ನಿಂತು ನೋಡುವ ಜರಡಿಗೆ ತಾಣದ ಹೆಸರು ಕಾಣುವುದೇ ಹೊರತು ಒಳಗಿನ ಪುಟವು ಕಾಣದು. ಶಬ್ದಗಳ ಪಟ್ಟಿಯನ್ನಿಟ್ಟು ಸೋಸುವ ಹಳೆಯ ಕ್ರಮವೂ ಕನ್ನಡದಲ್ಲಿ ನಗೆಪಾಟಲಾಗುತ್ತದೆ. ಯೂನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಕನ್ನಡಾಕ್ಷರಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಅಡಗಿದ್ದುದರಿಂದ ಅಂತಹ ಬರಹವು ಯಂತ್ರಕ್ಕೆ ಅರ್ಥವಿಲ್ಲದ ಗೊಣಗಾಟವಾಗಿದ್ದಿತು. ಯೂನಿಕೋಡಿನ ಕನ್ನಡಕ್ಕೆ ಅಂತಹ ಪಟ್ಟಿಯನ್ನು ಮಾಡಿದರೋ, ಮೊದಲು ಸಿಕ್ಕಿಬೀಳುವವು ಪ್ರಾಚೀನ ಕಾವ್ಯಗಳ ಶೃಂಗಾರವರ್ಣನೆಗಳೇ! ಒಳ್ಳೆಯ ಶಿಷ್ಯನು ಮೊರದಂತೆ ಹೊಟ್ಟನ್ನು ತೂರಿ ಕಾಳನ್ನು ಉಳಿಸಿಕೊಳ್ಳುವನು, ಕೆಟ್ಟವನು ಜರಡಿಯಂತೆ ಹಿಟ್ಟನ್ನು ಬಿಟ್ಟು ತೌಡನ್ನು ಹಿಡಿದಿಟ್ಟುಕೊಳ್ಳುವನು ಎಂದು ಸಂಸ್ಕೃತ ಪಾಠಶಾಲೆಗಳಲ್ಲಿ ಹೇಳುವುದುಂಟು. ಇಂದಿನ ಜರಡಿಯು ಹಿಟ್ಟನ್ನೂ ಬಿಡದು.

ಹೀಗೆ ನಷ್ಟವಾಗುವುದೇನೆಂದರೆ, ವಿದ್ಯಾರ್ಥಿಯೇ ಕೈಯಾಡಿಸಿ ಕಲಿಯುವ ಸಾಧನಗಳು. ವಚನ ಸಂಚಯವೆಂಬ ತಾಣದಲ್ಲಿ ‘ಕಾಯಕ’ ಎಂಬ ಶಬ್ದವನ್ನು ಬರೆದರೆ ಅದು ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆಯೆಂಬುದು ಕ್ಷಣದಲ್ಲಿ ದೊರೆಯುತ್ತದೆ. ಹಿಂದೆ ಇಂತಹ ಪದಸೂಚಿಗೆ ಪಂಡಿತರು ವರ್ಷಗಳನ್ನು ಸವೆಯಿಸುತ್ತಿದ್ದರು. ವಚನಗಳು ಹುಟ್ಟಿ ಹಬ್ಬಿದ ಈ ನಾಡಿನಲ್ಲಿಯೇ ವಿದ್ಯಾರ್ಥಿಗೆ ಅದು ದೊರೆಯದೆ ಹೋಗುವುದು ಸಣ್ಣ ಕೊರತೆಯಲ್ಲ.

ತಡೆಯ ನಡುವೆಯೂ ಪಾಠವು ನಡೆಯುವ ಉಪಾಯಗಳಿವೆ. 2001ರ ಮಾಹಿತಿ ಸಿಂಧು ಯೋಜನೆಯಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದುವು. ಆಗ ಸಂಪರ್ಕವೇ ದುರ್ಲಭವಾಗಿದ್ದುದರಿಂದ ಯಂತ್ರದೊಳಗೇ ಸಾಮಗ್ರಿಯನ್ನು ಇಟ್ಟುಕೊಳ್ಳುವುದು ಅನಿವಾರ್ಯವಾಗಿದ್ದಿತು. ರೇಖಾಗಣಿತವನ್ನು ಎಳೆದು ಜಗ್ಗಿ ತೋರಿಸುವ ಜಿಯೋಜೀಬ್ರವನ್ನು ಒಮ್ಮೆ ಸ್ಥಾಪಿಸಿದರೆ ಸಂಪರ್ಕವಿಲ್ಲದೆಯೂ ಬಳಸಬಹುದು. ಕಿವಿಕ್ಸ್ ಎಂಬುದರ ಮೂಲಕ ವಿಕಿಪೀಡಿಯದ ಪ್ರತಿಯನ್ನೇ ಶಾಲೆಯ ಯಂತ್ರದಲ್ಲಿ ಇರಿಸಬಹುದು. 2017ರಲ್ಲಿ ಆರಂಭವಾದ ದೀಕ್ಷಾದ ಪಾಠಗಳನ್ನು ಬೇರೆಡೆ ಇಳಿಸಿಕೊಂಡು ತರಗತಿಗೆ ತರಬಹುದು. ಆದರೆ ಇವೆಲ್ಲ ಓದುವುದಕ್ಕೆ ಸಾಲುವುವೇ ಹೊರತು ಬರೆಯುವುದಕ್ಕಲ್ಲ. ತನ್ನ ಊರಿನ ಶಾಸನದ ವಿಷಯವನ್ನು 2003ರಿಂದಿರುವ ಕನ್ನಡ ವಿಕಿಪೀಡಿಯಕ್ಕೆ ಸೇರಿಸಬಯಸುವ ವಿದ್ಯಾರ್ಥಿಗೆ ಪ್ರತಿಯಿಂದ ಪ್ರಯೋಜನವಿಲ್ಲ. ಅಲ್ಲದೆ ವಿಕಿಪೀಡಿಯವೇ ಒಂದು ಜಾಲವಿಳಾಸದಿಂದ ದಿನಕ್ಕೆ ಆರಕ್ಕಿಂತ ಹೆಚ್ಚು ಖಾತೆಗಳನ್ನು ಸಾಮಾನ್ಯವಾಗಿ ತೆರೆಯಗೊಡುವುದಿಲ್ಲ. ಇಡೀ ಶಾಲೆಗೆ ಒಂದೇ ವಿಳಾಸವಿದ್ದಲ್ಲಿ ತರಗತಿಯ ಏಳನೆಯ ಹುಡುಗನು ಹೊರಗೆ ನಿಲ್ಲುವನು. ಇದನ್ನು ಅರಿತ ಉಪಾಧ್ಯಾಯರು ಖಾತೆಗಳನ್ನು ಮೊದಲೇ ಮನೆಗಳಿಂದ ತೆರೆಯಿಸುವುದು ಲೇಸು.

ಇವೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ತಡೆದವರು ಯಾರೆಂಬುದೇ ತಿಳಿಯದಿರುವುದು. ತಾಣವು ತೆರೆಯದಿದ್ದಾಗ ಅದು ಸರ್ಕಾರದ ಆಜ್ಞೆಯೋ, ನ್ಯಾಯಾಲಯದ್ದೋ, ಸೇವಾಸಂಸ್ಥೆಯದೋ, ಶಾಲೆಯ ಜರಡಿಯೋ ಉಪಾಧ್ಯಾಯನಿಗೆ ಅನೇಕ ವೇಳೆ ಗೊತ್ತಾಗದು. 2009ರ ನಿಯಮಗಳಲ್ಲಿ 16ನೆಯದು ದೂರುಗಳನ್ನೂ ಕ್ರಮಗಳನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. ನಿಜಾಮನ ಗಸ್ತಿಗಾದರೂ ಒಂದು ಸಂಖ್ಯೆಯಿದ್ದಿತು, ಅದನ್ನು ಹೆಸರಿಸಿ ವಿರೋಧಿಸಬಹುದಾಗಿದ್ದಿತು.

ಈ ಪ್ರಶ್ನೆಯು ನ್ಯಾಯಸ್ಥಾನವನ್ನು ಮುಟ್ಟಿದುದು ನೆರೆಯ ಕೇರಳದಲ್ಲಿ. ವಸತಿಗೃಹದಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲು ಬಳಸಬಾರದೆಂಬ ನಿಯಮವನ್ನು ಒಪ್ಪದೆ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, 2019ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಅಂತರ್ಜಾಲವನ್ನು ಪಡೆಯುವ ಹಕ್ಕು ವಿದ್ಯಾಭ್ಯಾಸದ ಹಕ್ಕಿನೊಳಗೇ ಸೇರುವುದೆಂದು ಹೇಳಿ, ಆಕೆಯನ್ನು ತಡಮಾಡದೆ ವಸತಿಗೃಹಕ್ಕೆ ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು.