ದಣಿವಿನ ಲೆಕ್ಕ

ಬಾವಿಯಿಂದ ನೀರು ಸೇದಿದವರಿಗೆಲ್ಲ ಒಂದು ಸಂಗತಿ ಗೊತ್ತು. ಬರಿಯ ಕೊಡವನ್ನು ರಾಟೆಯ ಮೇಲೆ ಸರಸರನೆ ಎಳೆದುಬಿಡಬಹುದು. ತುಂಬಿದ ಕೊಡ ನಾವು ಎಷ್ಟು ಹಟ ಹಿಡಿದರೂ ನಿಧಾನವಾಗಿಯೇ ಮೇಲೇರುತ್ತದೆ. ಕೊಡದ ಬದಲು ಬಂಡೆಯನ್ನೇ ಕಟ್ಟಿದರೆ ಹಗ್ಗ ಬಿಗಿಯುತ್ತದೆ, ತೋಳು ನಡುಗುತ್ತದೆ, ಬಂಡೆ ಅಲುಗುವುದಿಲ್ಲ; ಆದರೂ ನಾವು ದಣಿಯುತ್ತೇವೆ. ಇಷ್ಟನ್ನು ಗಣಿತದ ಭಾಷೆಯಲ್ಲಿ ಹೇಳಲು ವಿಜ್ಞಾನಿಗಳು ಪಟ್ಟ ಪಾಡು ಒಂದು ಶತಮಾನದ ಕಥೆ. ಅದನ್ನು ಹೇಳಹೊರಟ ನಾನು ಗಣಿತಜ್ಞನೂ ಅಲ್ಲ, ವೈದ್ಯನೂ ಅಲ್ಲ. ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಜೀವನ ಸಾಗಿಸಿದವನು. ಆದರೆ ಪದ್ಯ ಹಾಗೆಯೇ ಉಳಿದು ಅದರ ವ್ಯಾಖ್ಯಾನ ಬದಲಾಗುವುದು ನನ್ನಂಥವನಿಗೆ ಪರಿಚಿತವಾದ ವಿಷಯ. ಇಲ್ಲಿಯೂ ನಡೆದದ್ದು ಅದೇ ಎಂಬ ಕಾರಣಕ್ಕಾಗಿ ಈ ಕಥೆ ನನ್ನ ಮನಸ್ಸನ್ನು ಹಿಡಿಯಿತು.

ದಣಿವನ್ನು ಕಾಗದದ ಮೇಲೆ ಇಳಿಸಿದವರಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊಸ್ಸೊ ಅವರ ಹೆಸರು ದೊಡ್ಡದು. ಮುಂಗೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರದಿಂದ ತೂಕವನ್ನು ಕಟ್ಟಿ, ತಾಳಕ್ಕೆ ಸರಿಯಾಗಿ ಅದನ್ನು ಎತ್ತಿ ಇಳಿಸುವಂತೆ ಹೇಳುವುದು. ಪ್ರತಿಯೊಂದು ಎತ್ತಿಗೂ ಒಂದು ಗೆರೆ ಮೂಡುತ್ತದೆ. ಗೆರೆಗಳು ಕ್ರಮೇಣ ಗಿಡ್ಡವಾಗುತ್ತ ಬಂದು ಕೊನೆಗೆ ಬೆರಳು ನಿಂತುಬಿಡುತ್ತದೆ. ದಿನವಿಡೀ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿಯ ಬೆರಳು ಬೇಗನೆ ಸೋತದ್ದನ್ನು ಮೊಸ್ಸೊ ದಾಖಲಿಸಿದರು. ಉತ್ತರಪತ್ರಿಕೆಗಳ ಕಟ್ಟುಗಳನ್ನು ಬಲ್ಲ ಅಧ್ಯಾಪಕರು ಇದನ್ನು ನಂಬಲು ಯಂತ್ರವೇನೂ ಬೇಡ. 1891ರಲ್ಲಿ ಪ್ರಕಟವಾದ ಅವರ ಗ್ರಂಥಕ್ಕೆ ‘ದಣಿವು’ ಎಂದೇ ಹೆಸರು. ಸಿಸಿಲಿಯ ಗಂಧಕದ ಗಣಿಗಳಲ್ಲಿ ಹೊರೆ ಹೊರುತ್ತಿದ್ದ ಬಾಲಕರ ಮಾತೂ ಅದರಲ್ಲಿ ಬರುತ್ತದೆ. ಈ ಶಾಸ್ತ್ರ ಹುಟ್ಟಿನಿಂದಲೇ ಕೂಲಿಯ ಬೆನ್ನನ್ನು ಕಂಡಿತ್ತು.

ಗೆರೆಯನ್ನು ಸೂತ್ರವಾಗಿಸಿದವರಲ್ಲಿ ಒಬ್ಬರು ನಮ್ಮ ಮುಂಬಯಿಯ ಕೊಲಾಬಾದಲ್ಲಿ 1861ರಲ್ಲಿ ಹುಟ್ಟಿದವರು: ಆರ್ಥರ್ ಕೆನೆಲಿ. ವೃತ್ತಿಯಿಂದ ವಿದ್ಯುತ್ ಎಂಜಿನಿಯರು. ಆಕಾಶದ ಎತ್ತರದಲ್ಲಿ ರೇಡಿಯೋ ಅಲೆಗಳನ್ನು ಭೂಮಿಗೆ ಮರಳಿಸುವ ಪದರವೊಂದಿದೆಯೆಂದು 1902ರಲ್ಲಿ ಊಹಿಸಿದವರೂ ಇವರೇ. ಬಾನುಲಿಯಲ್ಲಿ ಮಾತನಾಡುವವನು ಅವರಿಗೊಂದು ನಮಸ್ಕಾರ ಸಲ್ಲಿಸಬೇಕು. 1906ರಲ್ಲಿ ಅವರು ಮನುಷ್ಯರ ಹಾಗೂ ಕುದುರೆಗಳ ಓಟದ ದಾಖಲೆಗಳನ್ನು ಗುಡ್ಡೆಹಾಕಿ ಒಂದು ನಿಯಮವನ್ನು ತೆಗೆದರು. ದೂರ ಎರಡರಷ್ಟಾದರೆ ಕಾಲ ಎರಡರಷ್ಟಾಗುವುದಿಲ್ಲ, ಸುಮಾರು 2.18ರಷ್ಟಾಗುತ್ತದೆ. ಒಂದು ಕಿಲೋಮೀಟರನ್ನು ಮೂರು ನಿಮಿಷದಲ್ಲಿ ಓಡಬಲ್ಲವನಿಗೆ ಎರಡು ಕಿಲೋಮೀಟರಿಗೆ ಆರು ನಿಮಿಷ ಸಾಲದು, ಮೇಲೆ ಅರ್ಧ ನಿಮಿಷಕ್ಕಿಂತ ತುಸು ಹೆಚ್ಚೇ ಬೇಕು. ಆ ಅರ್ಧ ನಿಮಿಷವೇ ದಣಿವು. ಆದರೆ ಮೈಯೊಳಗೆ ಏನಾಗುತ್ತದೆ ಎಂಬುದರ ಬಗ್ಗೆ ಈ ಸೂತ್ರ ಮೌನ.

ಮೈಯೊಳಗೆ ಇಳಿದವರು ಆರ್ಚಿಬಾಲ್ಡ್ ವಿವಿಯನ್ ಹಿಲ್. 1886ರಲ್ಲಿ ಬ್ರಿಸ್ಟಲಿನಲ್ಲಿ ಹುಟ್ಟಿ, 1907ರಲ್ಲಿ ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಮೂರನೆಯವರಾಗಿ ತೇರ್ಗಡೆಯಾದವರು. ಗುರು ಫ್ಲೆಚರರ ಒತ್ತಾಯದಿಂದ ಶರೀರವಿಜ್ಞಾನಕ್ಕೆ ಬಂದರು. ಕಪ್ಪೆಯ ತೊಡೆಯ ಒಂದು ತೆಳುವಾದ ಸ್ನಾಯು, ಅದು ಒಮ್ಮೆ ಮಿಡಿದಾಗ ಹುಟ್ಟುವ ಶಾಖ: ಇವೆರಡನ್ನು ಹಿಡಿದು ಅವರು ಐವತ್ತು ವರ್ಷಕ್ಕೂ ಮಿಕ್ಕಿ ದುಡಿದರು. ಆ ಶಾಖವಾದರೂ ಎಷ್ಟು? ಒಂದು ಡಿಗ್ರಿಯ ಸಾವಿರದ ಕೆಲವು ಪಾಲು. ಈ ಕೆಲಸಕ್ಕೆ 1922ನೆಯ ಸಾಲಿನ ನೊಬೆಲ್ ಪ್ರಶಸ್ತಿಯನ್ನು ಜರ್ಮನಿಯ ಮೈಯರ್‌ಹೋಫ್ ಅವರೊಡನೆ ಹಂಚಿಕೊಂಡರು.

ಸ್ನಾಯುವೆಂದರೆ ಕಾಕಂಬಿಯಲ್ಲಿ ಅದ್ದಿದ ಸ್ಪ್ರಿಂಗು ಎಂಬುದು ಆಗಿನ ಕಲ್ಪನೆ. ವೇಗವಾಗಿ ಎಳೆದಷ್ಟೂ ಒಳಗಿನ ಅಂಟು ಹೆಚ್ಚು ತಡೆಯುತ್ತದೆ, ಆದ್ದರಿಂದ ತುಂಬಿದ ಕೊಡ ಬೇಗ ಏರದು ಎಂಬ ವಾದ. ಹಿಲ್ ಇದನ್ನು ಮನುಷ್ಯರ ಮೇಲೆಯೂ ಪರೀಕ್ಷಿಸಿದರು. ಅಮೆರಿಕದ ಇಥಾಕಾದಲ್ಲಿ ಓಟಗಾರರ ಮೈಗೆ ಅಯಸ್ಕಾಂತವನ್ನು ಕಟ್ಟಿ, ದಾರಿಯುದ್ದಕ್ಕೂ ತಂತಿಯ ಸುರುಳಿಗಳನ್ನಿಟ್ಟು, ಪ್ರತಿಯೊಂದು ಸುರುಳಿಯನ್ನು ದಾಟಿದ ಕ್ಷಣವನ್ನು ಗುರುತಿಸಿದರು. 1927ರಲ್ಲಿ ಪ್ರಕಟವಾದ ಲೆಕ್ಕ ಚೆನ್ನಾಗಿಯೇ ಹೊಂದಿತ್ತು. ಕಲ್ಪನೆ ಮಾತ್ರ ತಪ್ಪು. ಹೆಚ್ಚು ಕೆಲಸ ಮಾಡುವ ಸ್ನಾಯು ಹೆಚ್ಚು ಶಕ್ತಿಯನ್ನೇ ವ್ಯಯಿಸುತ್ತದೆ, ಬರಿಯ ಸ್ಪ್ರಿಂಗು ಹಾಗೆ ಮಾಡಲಾರದು ಎಂದು ಅವರದೇ ಪ್ರಯೋಗಾಲಯದಲ್ಲಿ ವ್ಯಾಲೇಸ್ ಫೆನ್ 1923-24ರಲ್ಲಿಯೇ ತೋರಿಸಿದ್ದರು. ಲೆಕ್ಕ ಹೊಂದಿದ ಮಾತ್ರಕ್ಕೆ ಅರ್ಥ ನಿಜವಾಗುವುದಿಲ್ಲ. ಛಂದಸ್ಸು ಸರಿಯಿದ್ದರೆ ಕಾವ್ಯವಾಯಿತೆಂದು ತಿಳಿಯುವ ಹುಡುಗರನ್ನು ನಾನೂ ಬಹಳ ನೋಡಿದ್ದೇನೆ.

1938ರಲ್ಲಿ ಹಿಲ್ ಪ್ರಸಿದ್ಧ ಸಮೀಕರಣವನ್ನು ಕೊಟ್ಟರು. ಹೊರೆಗೆ ಒಂದು ಸ್ಥಿರಾಂಕವನ್ನು ಕೂಡಿಸಿ, ಎಳೆಯುವ ವೇಗಕ್ಕೆ ಇನ್ನೊಂದನ್ನು ಕೂಡಿಸಿ, ಎರಡು ಮೊತ್ತಗಳನ್ನು ಗುಣಿಸಿದರೆ ಗುಣಲಬ್ಧ ಯಾವಾಗಲೂ ಒಂದೇ. ಹೊರೆ ಏರಿದರೆ ವೇಗ ಇಳಿಯಬೇಕು. ಬಂಡೆಯಾದರೆ ವೇಗ ಸೊನ್ನೆ. ಗರಿಷ್ಠ ಬಲದ ಸುಮಾರು ಮೂರನೆಯ ಒಂದು ಪಾಲಿನ ಹೊರೆಯಲ್ಲಿ ಸ್ನಾಯುವಿನ ಸಾಮರ್ಥ್ಯ ಶಿಖರ ಮುಟ್ಟುತ್ತದೆ. ಸೈಕಲ್ಲಿಗೆ ಗೇರು ಬೇಕಾದದ್ದು ಇದಕ್ಕೇ. ಇದರ ಸೊಗಸು ಬೇರೆಡೆ ಇದೆ. ಮೊದಲನೆಯ ಸ್ಥಿರಾಂಕವನ್ನು ಎರಡು ದಾರಿಯಿಂದ ಪಡೆಯಬಹುದಾಗಿತ್ತು: ಬಲ, ವೇಗಗಳನ್ನು ಅಳೆದು ಒಮ್ಮೆ, ಸ್ನಾಯು ಮೊಟಕಾಗುವಾಗ ಹುಟ್ಟುವ ಶಾಖವನ್ನು ಅಳೆದು ಇನ್ನೊಮ್ಮೆ. ಎರಡೂ ಒಂದೇ ಸಂಖ್ಯೆಯನ್ನು ಕೊಟ್ಟವು. ಪ್ರಕೃತಿಯೇ ಸಹಿ ಹಾಕಿದಂತಾಯಿತು.

ಇಪ್ಪತ್ತಾರು ವರ್ಷಗಳ ಮೇಲೆ ಆ ಸಹಿಯನ್ನು ಅಳಿಸಿದವರೂ ಹಿಲ್ ಅವರೇ. 1964ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನ ಆಸುಪಾಸಿನಲ್ಲಿ, ಇನ್ನೂ ಸೂಕ್ಷ್ಮವಾದ ಉಪಕರಣಗಳಿಂದ ಅಳೆದು, ಶಾಖದ ಆ ಅಂಕ ಸ್ಥಿರವಲ್ಲ, ಹೊರೆಯೊಡನೆ ಅದೂ ಬದಲಾಗುತ್ತದೆ ಎಂದು ಪ್ರಕಟಿಸಿದರು. ಇಂಥದು ಅವರಿಗೆ ಮೊದಲಲ್ಲ. ಲ್ಯಾಕ್ಟಿಕ್ ಆಮ್ಲವೇ ಸಂಕೋಚನದ ಮೂಲವೆಂದು ಅವರೂ ಮೈಯರ್‌ಹೋಫರೂ ನಂಬಿದ್ದರು. ಆ ಆಮ್ಲ ಹುಟ್ಟದಂತೆ ವಿಷ ಹಾಕಿದರೂ ಸ್ನಾಯು ಸೆಳೆಯುತ್ತದೆಯೆಂದು ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ 1930ರಲ್ಲಿ ತೋರಿಸಿದಾಗ, ಹಿಲ್ 1932ರಲ್ಲಿ ಅದನ್ನು ‘ಕ್ರಾಂತಿ’ಯೆಂದೇ ಕರೆದು ಲೇಖನ ಬರೆದರು. ತನ್ನ ಸಿದ್ಧಾಂತ ಬಿದ್ದುದನ್ನು ಹೀಗೆ ಸಾರುವ ಪಂಡಿತರು ನಮ್ಮ ಸಾಹಿತ್ಯಲೋಕದಲ್ಲಿ ಎಷ್ಟು ಮಂದಿ ಸಿಗುತ್ತಾರೋ ತಿಳಿಯದು. 1943-44ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದು ನಮ್ಮ ವೈಜ್ಞಾನಿಕ ಸಂಶೋಧನೆಯ ಬಗ್ಗೆ ವರದಿ ಕೊಟ್ಟ ಹಿಲ್ ಇವರೇ.

ಸಮೀಕರಣ ಮಾತ್ರ ಸಾಯಲಿಲ್ಲ. ವಿವರಣೆಯಾಗಿ ಅಲ್ಲ, ವರ್ಣನೆಯಾಗಿ ಅದು ಉಳಿದಿದೆ. ಮನುಷ್ಯನ ನಡಿಗೆಯನ್ನು ಗಣಕಯಂತ್ರದಲ್ಲಿ ಕಟ್ಟುವವರು ಇಂದಿಗೂ ಅದನ್ನು ಬಳಸುತ್ತಾರೆ. ವಿವರಣೆಯ ಕೆಲಸವನ್ನು 1957ರಲ್ಲಿ ಆಂಡ್ರೂ ಹಕ್ಸ್‌ಲಿ ಕೈಗೆತ್ತಿಕೊಂಡು, ಎಳೆಗಳ ನಡುವೆ ಕೂಡಿ ಕಳಚುವ ಪುಟ್ಟ ಕೊಂಡಿಗಳ ಲೆಕ್ಕವನ್ನು ಹೂಡಿದರು.

ಆದರೆ ಹಿಲ್ ಸಮೀಕರಣದಲ್ಲಿ ಕಾಲಕ್ಕೆ ಸ್ಥಾನವಿಲ್ಲ. ಅದರ ಸ್ನಾಯು ದಣಿಯದ ಸ್ನಾಯು. ಕಾಲವನ್ನು ಒಳಗೆ ತಂದವರು ಪ್ಯಾರಿಸ್ಸಿನ ಮೊನೊ ಮತ್ತು ಶೆರೆ. ಸೋತು ನಿಲ್ಲುವವರೆಗೆ ಮಾಡಿದ ಒಟ್ಟು ಕೆಲಸವನ್ನು ಹಿಡಿದ ಸಮಯದ ಎದುರಿಗೆ ಗುರುತಿಸಿದರೆ ನೇರ ಗೆರೆ ಬರುತ್ತದೆ ಎಂದು 1965ರಲ್ಲಿ ಅವರು ತೋರಿಸಿದರು. ಬಾವಿಯ ಮಾತಿನಲ್ಲಿ ಹೇಳುವುದಾದರೆ, ನಿಂತ ನೀರು ಒಂದಿಷ್ಟು, ಒರತೆ ಒಂದಿಷ್ಟು. ಒರತೆಯ ಮಿತಿಯೊಳಗೆ ಸೇದಿದರೆ ಬಹಳ ಹೊತ್ತು ಸೇದಬಹುದು, ಮೀರಿದರೆ ಬಾವಿ ಬತ್ತುವ ಗಳಿಗೆಯನ್ನು ಲೆಕ್ಕಹಾಕಬಹುದು.

ಇಂಥ ಲೆಕ್ಕ ಕಾರ್ಖಾನೆಗೆ ಹೋದಾಗ ಎಚ್ಚರ ಬೇಕು. ಗರಿಷ್ಠ ಬಲದ ಶೇಕಡ 15ಕ್ಕಿಂತ ಕಡಿಮೆಯಾದರೆ ಸ್ನಾಯು ಎಷ್ಟು ಹೊತ್ತಾದರೂ ಬಿಗಿಹಿಡಿದಿರಬಲ್ಲದು ಎಂದು ಜರ್ಮನಿಯ ರೋಮರ್ಟ್ 1960ರಲ್ಲಿ ಹೇಳಿದ್ದರು. ಬಗ್ಗಿ ಕುಳಿತು ದಿನವಿಡೀ ಹೊಲಿಯುವ ಹೆಂಗಸಿನ ಹೆಗಲಿಗೆ ಆ ಅಂಕೆಯ ಪ್ರಕಾರ ನೋವಿಗೆ ಕಾರಣವೇ ಇಲ್ಲ. ನೋವಂತೂ ಇತ್ತು. ಸ್ವೀಡನ್ನಿನ ಸಂಶೋಧಕರು ಮತ್ತೆ ಅಳೆದು 1977ರಲ್ಲಿ ಪ್ರಕಟಿಸಿದರು: ಎಡೆಬಿಡದೆ ಒಂದು ಗಂಟೆ ಹಿಡಿದಿರಬೇಕಾದರೆ ಆ ಮಿತಿ 15 ಅಲ್ಲ, ಸುಮಾರು 8.