ಬಾಗಿಲು ಹಾಕುವ ಹಕ್ಕು

ದಾವಣಗೆರೆಯ ಮಂಡಿಪೇಟೆಯಂಥ ಕಡೆ ವ್ಯಾಪಾರಕ್ಕೆ ಬಂಡವಾಳದಷ್ಟೇ ಮುಖ್ಯವಾದದ್ದು ಹೆಸರು. ಉದ್ರಿ ಮಾಲು ಒಯ್ದು ಕೈಯೆತ್ತಿದವನ ಸುದ್ದಿ ಅಂಗಡಿಯಿಂದ ಅಂಗಡಿಗೆ ಹಬ್ಬುತ್ತದೆ. ಮುಂದಿನ ಸಲ ಅವನಿಗೆ ಯಾರೂ ಮಾಲು ಕೊಡುವುದಿಲ್ಲ. ಇದಕ್ಕೆ ಮೇಲಿನಿಂದ ಹುಕುಂ ಬರಬೇಕಿಲ್ಲ. ಒಬ್ಬೊಬ್ಬರೂ ತಮ್ಮ ಬಾಗಿಲು ಹಾಕಿಕೊಂಡರೆ ಆಯಿತು.

ಈ ಪದ್ಧತಿ ಹಳೆಯದು. ಹೈದರ್ ಅಲಿ ದಾವಣಗೆರೆಯನ್ನು ಮರಾಠ ಸರದಾರ ಅಪ್ಪಾಜಿರಾಮನಿಗೆ ಜಹಗೀರು ಕೊಟ್ಟಾಗ, ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದು ಇತಿಹಾಸ ಹೇಳುತ್ತದೆ. ಅದಕ್ಕೂ ಹಿಂದೆ, ತುಂಗಭದ್ರೆಯ ದಡದ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಹರಿಹರೇಶ್ವರ ದೇಗುಲ ಕಟ್ಟಿಸಿದ. ಆ ಕಾಲದಲ್ಲಿ ಅಗ್ರಹಾರದ ವ್ಯವಹಾರವನ್ನು ಮಹಾಜನರು, ದೂರದ ವ್ಯಾಪಾರವನ್ನು ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ನೋಡಿಕೊಳ್ಳುತ್ತಿದ್ದವು. ರಾಜನಿದ್ದರೂ ದಿನನಿತ್ಯದ ಕಟ್ಟುಪಾಡು ಆಯಾ ಸಭೆಯದು.

ಇದೇ ತತ್ವ ಇಂದು ಕಂಪ್ಯೂಟರ್ ಜಾಲದಲ್ಲಿ ಕಾಣಿಸಿಕೊಂಡಿದೆ. ಯೂಜೆನ್ ರೋಚ್ಕೋ ಎಂಬ ಜರ್ಮನಿಯ ಯುವಕ 2016ರಲ್ಲಿ ಹೊರತಂದ ಮಾಸ್ಟೊಡಾನ್‌ಗೆ ಒಬ್ಬ ಒಡೆಯನಿಲ್ಲ. ಸಾವಿರಾರು ಸರ್ವರ್‌ಗಳು ತಮ್ಮ ತಮ್ಮ ನಿಯಮ ಇಟ್ಟುಕೊಂಡೇ ಪರಸ್ಪರ ಮಾತಾಡುತ್ತವೆ. 2019ರ ಜುಲೈಯಲ್ಲಿ, ದ್ವೇಷದ ಬರಹಗಳಿಗೆ ಕುಖ್ಯಾತವಾದ ಅಮೆರಿಕದ 'ಗ್ಯಾಬ್' ಇದೇ ತಂತ್ರಾಂಶ ಬಳಸಿ ಒಳಬಂತು. ತಂತ್ರಾಂಶ ಎಲ್ಲರಿಗೂ ಮುಕ್ತವಾದ್ದರಿಂದ ಅದನ್ನು ತಡೆಯಲು ರೋಚ್ಕೋಗೂ ಸಾಧ್ಯವಿರಲಿಲ್ಲ. ಆದರೆ ಸರ್ವರ್ ನಡೆಸುವವರು ಒಬ್ಬರಾದ ಮೇಲೊಬ್ಬರು ಸಂಪರ್ಕ ಕಡಿದುಕೊಂಡರು. ಗ್ಯಾಬ್ ಮುಚ್ಚಲಿಲ್ಲ, ಅದರ ಮಾತು ಬಹುಪಾಲು ಅದರೊಳಗೇ ಉಳಿಯಿತು. 2020ರಲ್ಲಿ ಅದು ತಾನೇ ಈ ಕೂಟದಿಂದ ಹೊರಬಿತ್ತು.

ಹಾಗೆಂದು ಬಾಗಿಲು ಹಾಕುವುದೆಲ್ಲ ನ್ಯಾಯವಲ್ಲ. ನಮ್ಮ ಹಳ್ಳಿಗಳಲ್ಲಿ ಜಾತಿ ಪಂಚಾಯಿತಿಗಳು ಇದೇ ಅಸ್ತ್ರವನ್ನು ಬಡವರ ಮೇಲೆ, ಜಾತಿ ಮೀರಿ ಮದುವೆಯಾದವರ ಮೇಲೆ ಪ್ರಯೋಗಿಸಿವೆ. ಬಹಿಷ್ಕೃತರಿಗೆ ಬಾವಿಯ ನೀರಿಲ್ಲ, ಕಿರಾಣಿ ಸಾಮಾನಿಲ್ಲ, ಕೂಲಿಯಿಲ್ಲ. ಮುಂಬೈ ಸರ್ಕಾರ 1949ರಲ್ಲಿ ತಂದ ಬಹಿಷ್ಕಾರ ನಿಷೇಧ ಕಾನೂನನ್ನು ಸುಪ್ರೀಂ ಕೋರ್ಟ್ 1962ರಲ್ಲಿ, ಧಾರ್ಮಿಕ ಪಂಥಗಳ ಹಕ್ಕಿನ ನೆಲೆಯಲ್ಲಿ, ರದ್ದುಪಡಿಸಿತು. ಮಹಾರಾಷ್ಟ್ರ ವಿಧಾನಮಂಡಲ 2016ರಲ್ಲಿ ಮತ್ತೆ ಅಂಥ ಮಸೂದೆಯನ್ನು ಅಂಗೀಕರಿಸಬೇಕಾಯಿತು.

ಎರಡಕ್ಕೂ ಇರುವ ವ್ಯತ್ಯಾಸ ಹೊರಹೋಗುವ ದಾರಿಯದು. ಒಂದು ಸರ್ವರ್ ತಿರಸ್ಕರಿಸಿದವನು ಇನ್ನೊಂದನ್ನು ಸೇರಬಹುದು, ತನ್ನದೇ ಒಂದನ್ನು ಕಟ್ಟಿಕೊಳ್ಳಬಹುದು. ಅವನಿಗೆ ಮಾತಾಡುವ ಹಕ್ಕು ಉಳಿಯುತ್ತದೆ, ಎಲ್ಲರ ಅಂಗಳಕ್ಕೆ ನುಗ್ಗುವ ಹಕ್ಕು ಮಾತ್ರ ಇಲ್ಲ. ಹಳ್ಳಿಯಲ್ಲಿ ಹೊಲ, ಮನೆ, ನೆಂಟರನ್ನು ಬಿಟ್ಟು ಹೋಗುವುದೆಲ್ಲಿಗೆ? ಆದ್ದರಿಂದ ಯಾವುದೇ ಕಟ್ಟುಪಾಡನ್ನು ತೂಗುವಾಗ ಬಾಗಿಲು ಹಾಕಿದವರು ಯಾರೆಂಬುದರ ಜೊತೆಗೆ, ಹೊರಗುಳಿದವನಿಗೆ ಬೇರೆ ಬಾಗಿಲು ಇದೆಯೇ ಎಂಬುದನ್ನೂ ಕೇಳಬೇಕಾಗುತ್ತದೆ.