ಒಂದೆಲಗದ ಕಾಯಿ ನುಡಿದ ಸಾಕ್ಷಿ

ಕುಣಿಗಲ್ ದೊಡ್ಡಕೆರೆಯ ಕೆಳಗಿನ ಗದ್ದೆ ಬದುಗಳಲ್ಲಿ, ಗುಬ್ಬಿ ಕಡೆಯ ಅಡಿಕೆ ತೋಟಗಳ ತೇವದ ನೆಲದಲ್ಲಿ ಒಂದೆಲಗ ಹಬ್ಬಿಕೊಳ್ಳುತ್ತದೆ. ಚಟ್ನಿಗೆಂದು ಎಲೆ ಕೀಳುವವರು ಅದರ ಕಾಯಿಯನ್ನು ಗಮನಿಸುವುದು ಕಡಿಮೆ. ಎಲೆಯ ಮರೆಯಲ್ಲಿ, ನೆಲಕ್ಕೆ ಅಂಟಿದಂತೆ ಬಿಡುವ ಆ ಪುಟ್ಟ ಕಾಯಿಯೇ ಈ ಗಿಡ ಯಾರ ನೆಂಟ ಎಂಬ ವ್ಯಾಜ್ಯದಲ್ಲಿ ಮುಖ್ಯ ಸಾಕ್ಷಿಯಾಯಿತು.

ಒಂದೆಲಗ ಗಜ್ಜರಿಯ ಕುಟುಂಬದ್ದು. ಕೊತ್ತಂಬರಿ, ಜೀರಿಗೆ, ಓಮ, ಸೋಂಪು, ಸಬ್ಬಸಿಗೆ, ಇಂಗು ಎಲ್ಲವೂ ಅದೇ ಮನೆತನದವು. ಇವುಗಳ ಹೂಗೊಂಚಲು ಸಾಮಾನ್ಯವಾಗಿ ಬಿಚ್ಚಿದ ಕೊಡೆಯಂತಿರುತ್ತದೆ. ಎಲೆಗಳೂ ಬಹುಮಟ್ಟಿಗೆ ಒಂದೇ ತೆರ. ತುಮಕೂರಿನ ಮಾರುಕಟ್ಟೆಯಲ್ಲಿ ಸಿಗುವ ಸಬ್ಬಸಿಗೆ ಸೊಪ್ಪಿನ ಪಕ್ಕದಲ್ಲಿ ಸೋಂಪಿನ ಎಳೆ ಗಿಡ ಇಟ್ಟರೆ ಕಣ್ಣಿಗೆ ಮೋಸವಾದೀತು. ಆದರೆ ನಾವು ‘ಬೀಜ’ ಎನ್ನುವುದನ್ನು ನೋಡಿದರೆ ಸಂಶಯ ಉಳಿಯದು. ಸಬ್ಬಸಿಗೆಯದು ಚಪ್ಪಟೆ, ಅಂಚಿನಲ್ಲಿ ತೆಳು ರೆಕ್ಕೆ. ಸೋಂಪಿನದು ಉದ್ದನೆಯದು, ಉಬ್ಬಿದ ಗೀರುಗಳುಳ್ಳದ್ದು. ಅಸಲಿಗೆ ಅದು ಬೀಜವಲ್ಲ, ಒಣಗಿ ಎರಡು ಹೋಳಾಗುವ ಹಣ್ಣು. ಅದರ ಸಿಪ್ಪೆಯೊಳಗಿನ ಸಣ್ಣ ಎಣ್ಣೆನಾಳಗಳೇ ಒಗ್ಗರಣೆಯ ಪರಿಮಳದ ಮೂಲ.

ಈ ಹಣ್ಣನ್ನೇ ಆಧಾರವಾಗಿಟ್ಟುಕೊಂಡು ಕುಟುಂಬವನ್ನು ವಿಂಗಡಿಸಲು ಹೊರಟವನು ಆಕ್ಸ್‌ಫರ್ಡಿನ ಪ್ರಾಧ್ಯಾಪಕ ರಾಬರ್ಟ್ ಮಾರಿಸನ್. 1672ರಲ್ಲಿ ಪ್ರಕಟವಾದ ಅವನ ಗ್ರಂಥ, ಒಂದೇ ಸಸ್ಯಕುಟುಂಬಕ್ಕೆ ಮೀಸಲಾದ ಮೊದಲ ಗ್ರಂಥವೆಂದು ಗಣ್ಯವಾಗಿದೆ. ಯೂರೋಪಿನಲ್ಲಿ ಇದು ಬರಿಯ ಪಂಡಿತರ ಕುತೂಹಲವಾಗಿರಲಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರಟಿಸನಿಗೆ ಕುಡಿಸಿದ ಹೆಮ್ಲಾಕ್ ವಿಷ ಇದೇ ಕುಟುಂಬದ್ದು. ಅದರ ಎಲೆಯನ್ನು ಅಡುಗೆ ಸೊಪ್ಪೆಂದು ತಿಂದರೆ ಪ್ರಾಣಕ್ಕೆ ಸಂಚಕಾರ. ಅದರ ಕಾಯಿಯ ಮೇಲಿನ ಅಂಕುಡೊಂಕಾದ ಗೀರುಗಳು ಮಾತ್ರ ಗುಟ್ಟು ಬಿಟ್ಟುಕೊಡುತ್ತವೆ.

ಮಹಾನುಭಾವ ಲಿನೇಯಸ್ ಈ ದಾರಿಯನ್ನು ಬಿಟ್ಟು, ಹೂಗೊಂಚಲಿನ ಬುಡದ ಪುಟ್ಟ ಎಲೆಗಳನ್ನು ನಂಬಿದ. ಇದು ಅವನ ಗೆಳೆಯ, ಮೀನುಗಳ ಪಂಡಿತ ಆರ್ಟೆಡಿಯಿಂದ ಬಂದ ಸಲಹೆ, ಅಷ್ಟೇನೂ ಫಲಿಸಲಿಲ್ಲ. 1814ರಲ್ಲಿ ಹಾಫ್‌ಮನ್ ಎಣ್ಣೆನಾಳಗಳತ್ತ ಗಮನ ಸೆಳೆದ ಮೇಲೆ ವಿದ್ವಾಂಸರು ಮತ್ತೆ ಹಣ್ಣಿನ ಕಡೆಗೇ ತಿರುಗಿದರು.

ಒಂದೆಲಗಕ್ಕೆ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಹೈಡ್ರೊಕಾಟೈಲ್ ಏಷ್ಯಾಟಿಕ. ಜೌಗಿನಲ್ಲಿ ಬೆಳೆಯುವ, ದುಂಡೆಲೆಯ ಬೇರೆ ಗಿಡಗಳ ಜೊತೆಗೆ ಅದನ್ನೂ ಸೇರಿಸಿದ್ದ. 1879ರಲ್ಲಿ ಹೂಕರನ ಭಾರತೀಯ ಸಸ್ಯಸಂಪುಟಕ್ಕೆ ಈ ಕುಟುಂಬದ ಭಾಗ ಬರೆದ ಸಿ.ಬಿ. ಕ್ಲಾರ್ಕ್ ಅದೇ ಹೆಸರನ್ನು ಉಳಿಸಿಕೊಂಡ. ಅದೇ ವರ್ಷ ಜರ್ಮನಿಯ ಅರ್ಬನ್, ಬ್ರೆಜಿಲ್‌ನ ಸಸ್ಯಗಳನ್ನು ಕುರಿತು ಬರೆಯುತ್ತ, ನಮ್ಮ ಒಂದೆಲಗವನ್ನು ಸೆಂಟೆಲ್ಲ ಎಂಬ ಕುಲಕ್ಕೆ ವರ್ಗಾಯಿಸಿದ. ಅವೆರಡರ ಕಾಯಿಗಳಲ್ಲಿ ವ್ಯತ್ಯಾಸವಿತ್ತು: ಒಂದೆಲಗದ ಕಾಯಿಯ ಮೇಲೆ ಏಳರಿಂದ ಒಂಬತ್ತು ಗೀರುಗಳು, ನಡುವೆ ಬಲೆಯಂಥ ನರಗಳು. ಹೈಡ್ರೊಕಾಟೈಲ್‌ನಲ್ಲಿ ಗೀರು ಕಡಿಮೆ, ಬಲೆ ಇಲ್ಲ.

ಇಷ್ಟು ಸಣ್ಣ ಗುರುತಿಗೆ ಗಿಡದ ಹೆಸರನ್ನೇ ಬದಲಿಸಬೇಕೆ ಎಂದು ಕೇಳಬಹುದು. 1890ರ ದಶಕದಲ್ಲಿ ಡ್ರೂಡೆ ಇಡೀ ಕುಟುಂಬವನ್ನು ಮೂರು ಭಾಗ ಮಾಡಿದಾಗಲೂ, ಹಣ್ಣಿನ ಒಳಪದರ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಎರಡನ್ನೂ ಒಂದೇ ಭಾಗದಲ್ಲಿ ಕೂರಿಸಿದ್ದ. ಉತ್ತರ ಸಿಕ್ಕಿದ್ದು 1990ರ ದಶಕದಿಂದೀಚೆಗೆ, ಡಿ.ಎನ್.ಎ. ಪರೀಕ್ಷೆಯಿಂದ. ಹೈಡ್ರೊಕಾಟೈಲ್ ಗಜ್ಜರಿಯ ಕುಟುಂಬಕ್ಕೇ ಸೇರಿದ್ದಲ್ಲವೆಂದು ತಿಳಿದು, ಅದನ್ನು ಜಿನ್‌ಸೆಂಗ್ ಕುಟುಂಬಕ್ಕೆ ಕಳುಹಿಸಲಾಯಿತು. ಒಂದೆಲಗ ಇಲ್ಲೇ ಉಳಿಯಿತು. ಅರ್ಬನ್ ಕಂಡ ಬಲೆ ಸುಳ್ಳಾಗಿರಲಿಲ್ಲ. ಡ್ರೂಡೆ ನಂಬಿದ ಗಟ್ಟಿ ಪದರ ದಾರಿ ತಪ್ಪಿಸಿತ್ತು. ಕಾಯಿಯ ರೆಕ್ಕೆ, ಮುಳ್ಳುಗಳಂಥ ಲಕ್ಷಣಗಳೂ ಗಾಳಿಗೆ ಹಾರಲು, ಪ್ರಾಣಿಗಳ ಮೈಗೆ ಅಂಟಲು ಬೇರೆ ಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ಮೂಡಿದ್ದು ಗೊತ್ತಾಗಿದೆ. ಹತ್ತಿರದ ಗಿಡಗಳನ್ನು ಬೇರ್ಪಡಿಸುವುದರಲ್ಲಿ ಹಣ್ಣು ನಂಬಿಗಸ್ತ. ದೂರದ ನೆಂಟಸ್ತಿಕೆ ಹೇಳಲು ಹೊರಟಾಗ ಎಡವುತ್ತದೆ.

ಊರಿನಲ್ಲಿ ಇನ್ನೊಂದು ಗೊಂದಲವಿದೆ. ಒಂದೆಲಗಕ್ಕೂ ನೀರುಬ್ರಾಹ್ಮಿಗೂ ‘ಬ್ರಾಹ್ಮಿ’ ಎಂಬ ಒಂದೇ ಹೆಸರು ಸಲ್ಲುತ್ತದೆ. ಎರಡನೆಯದು ಈ ಕುಟುಂಬದ್ದೇ ಅಲ್ಲ, ಅದರ ಗುಣವೂ ಬೇರೆ. ಹಸಿ ಗಿಡವಾದರೆ ಎಲೆಯೇ ಸಾಕು. ಒಣಗಿದ ಕಟ್ಟಿನಲ್ಲಿ ಎಲೆ ಮುದುಡಿದ್ದರೆ ಕಾಯಿಯನ್ನು ಹುಡುಕಬೇಕು. ಎರಡು ಹೋಳಿನ ಚಪ್ಪಟೆ ಕಾಯಿ ಇದ್ದರೆ ಒಂದೆಲಗ. ಧೂಳಿನಂಥ ಬೀಜಗಳು ತುಂಬಿದ ಪುಟ್ಟ ಬುರುಡೆ ಇದ್ದರೆ ನೀರುಬ್ರಾಹ್ಮಿ.